ಕೊಂಡ ಹಾಡಿಗೂ ಬೀಗ!

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂತೆಂದರೆ ಮಧುಗಿರಿ ತಾಲ್ಲೂಕಿನ ಪುರವರದಂಥ ಹೋಬಳಿ ಊರುಗಳಲ್ಲೂ ಮಕ್ಕಳಿಗೆ ಹಾಡಿನ ಚಿಂತೆ. ನೃತ್ಯ ಕಲಿತಾಗಿದೆ, ಬಟ್ಟೆ ಬಾಡಿಗೆಗೆ ಹೇಳಿಯಾಗಿದೆ. ಹಾಡು ಅಪ್ಪನ ಮೊಬೈಲಿನಲ್ಲೇ ಇದೆ. ತಿಂಗಳು ತಿಂಗಳು ಹಣ ಕಟ್ಟಿ ಡೌನ್‌ಲೋಡ್ ಮಾಡಿಕೊಂಡದ್ದು. ಆದರೆ ಮೈಕ್‌ಸೆಟ್ಟಿನವರು ಕೇಳುವುದು ಪೆನ್‌ಡ್ರೈವ್, ಇಲ್ಲವೇ ಸಿ.ಡಿ. ಅದಕ್ಕೆ ಇಳಿಸಲು ಹೊರಟರೆ ಹಾಡಿನ ಫೈಲೇ ಕೈಗೆ ಸಿಗುವುದಿಲ್ಲ, ಸಿಕ್ಕರೂ ನುಡಿಯುವುದಿಲ್ಲ. ಈ ಫಜೀತಿಯೆಲ್ಲ ದುಡ್ಡು ಕೊಟ್ಟವರಿಗೆ. ಕಳ್ಳ ಪ್ರತಿ ತಂದವರಿಗೆ ಯಾವ ತೊಂದರೆಯೂ ಇಲ್ಲ!

ಕ್ಯಾಸೆಟ್ಟಿನ ಕಾಲದಲ್ಲಿ ಈ ತಂಟೆ ಇರಲಿಲ್ಲ. ಕ್ಯಾಸೆಟ್ಟಿಗೆ ತಾನು ಯಾರ ಮನೆಯದೆಂಬ ಅರಿವಿಲ್ಲ, ಯಾವ ಟೇಪ್ ರೆಕಾರ್ಡರಿನಲ್ಲಿ ಹಾಕಿದರೂ ಹಾಡುತ್ತಿತ್ತು. ಪ್ರತಿಯಿಂದ ಪ್ರತಿಗೆ ದನಿ ಮಂಕಾಗುತ್ತಿದ್ದುದೇ ಅದರ ಕಡಿವಾಣ. ಕಂಪ್ಯೂಟರಿನ ಫೈಲಿಗೆ ಆ ಕಡಿವಾಣವಿಲ್ಲ. ಸಾವಿರದ ಪ್ರತಿಯೂ ಮೊದಲಿನದರಷ್ಟೇ ಚೊಕ್ಕ. ಕಂಪನಿಗಳು ಹೆದರಿದ್ದು ಇದಕ್ಕೆ.

ಹೆದರಿ ಹಾಕಿದ ಬೀಗ ಹೀಗಿರುತ್ತದೆ: ಹಾಡನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸುವ ಕೀಲಿಯನ್ನು ಬೇರೆಯಾಗಿ, ಲೈಸೆನ್ಸಿನ ರೂಪದಲ್ಲಿ ಕೊಡುತ್ತಾರೆ. ಯಾವ ಯಂತ್ರದಲ್ಲಿ ಕೇಳಬಹುದು, ಸಿ.ಡಿ.ಗೆ ಎಷ್ಟು ಸಲ ಇಳಿಸಬಹುದು ಎಂಬುದೆಲ್ಲ ಆ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಫೈಲನ್ನು ಜೋಪಾನವಾಗಿ ಕಾಪಿ ಮಾಡಿಟ್ಟು, ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿದವರು ಪೆಚ್ಚಾಗುತ್ತಿದ್ದುದು ಇಲ್ಲೇ. ಹಾಡು ಉಳಿದಿದೆ, ಕೀಲಿ ಹೋಗಿದೆ.

ಸಿ.ಡಿ.ಯದು ಇನ್ನೊಂದು ತೊಡಕು. 1982ರಲ್ಲಿ ಮಾರುಕಟ್ಟೆಗೆ ಬಂದ ಆಡಿಯೊ ಸಿ.ಡಿ.ಯಲ್ಲಿ ದನಿ ಸೆಕೆಂಡಿಗೆ 44,100 ಮಾದರಿಗಳಂತೆ, ಬಿಚ್ಚಿಟ್ಟ ಅಂಕಿಗಳಾಗಿ ಇರುತ್ತದೆ. ನಿಮಿಷಕ್ಕೆ ಸುಮಾರು 10 ಎಂ.ಬಿ. ಆದ್ದರಿಂದ ಬರ್ನ್ ಮಾಡುವ ತಂತ್ರಾಂಶ ಮೊದಲು ಬೀಗ ತೆಗೆಯಬೇಕು, ಆಮೇಲೆ ಹಾಡನ್ನು ಹಿಗ್ಗಿಸಿ ಬರೆಯಬೇಕು. ಹಾಗೆ ಬರೆದ ಸಿ.ಡಿ.ಯಲ್ಲಿ ಬೀಗವೇ ಇರುವುದಿಲ್ಲ! ಆಪಲ್‌ನ ಐಟ್ಯೂನ್ಸ್ ಅಂಗಡಿ 2003ರಲ್ಲಿ ತೆರೆದಾಗ ಒಂದೇ ಹಾಡುಪಟ್ಟಿಯನ್ನು 10 ಸಲ ಬರ್ನ್ ಮಾಡಲು ಬಿಟ್ಟಿತ್ತು. ಮರುವರ್ಷ ಅದನ್ನು 7ಕ್ಕೆ ಇಳಿಸಿತು. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲನ್ನು ಏಳು ಸಲ ಮಾತ್ರ ತೆರೆಯುತ್ತೇವೆ ಎಂದ ಹಾಗಾಯಿತು.

ಬೀಗದ ಹುಚ್ಚು ಅತಿರೇಕಕ್ಕೆ ಹೋದದ್ದು 2005ರಲ್ಲಿ. ಸೋನಿ ಬಿ.ಎಂ.ಜಿ. ಕಂಪನಿಯ ಕೆಲವು ಸಂಗೀತ ಸಿ.ಡಿ.ಗಳು ಕಂಪ್ಯೂಟರಿನೊಳಗೆ ಒಂದು ತಂತ್ರಾಂಶವನ್ನು ಗುಟ್ಟಾಗಿ ಅಡಗಿಸಿಡುತ್ತಿದ್ದುದು ಬಯಲಾಗಿ, ಆ ಡಿಸ್ಕುಗಳನ್ನು ವಾಪಸು ಪಡೆಯಬೇಕಾಯಿತು. 2008ರಲ್ಲಿ ಮೈಕ್ರೋಸಾಫ್ಟ್ ತನ್ನ ಎಂ.ಎಸ್.ಎನ್. ಮ್ಯೂಸಿಕ್‌ನ ಗ್ರಾಹಕರಿಗೆ ಇನ್ನು ಹೊಸ ಕಂಪ್ಯೂಟರಿಗೆ ಕೀಲಿ ಕೊಡುವುದಿಲ್ಲ ಎಂದಿತು. ಗದ್ದಲವೆದ್ದ ಮೇಲೆ 2011ರವರೆಗೆ ಗಡುವು ಮುಂದೂಡಿತು. ಆಪಲ್ 2009ರಲ್ಲಿ, ಮಾರುವ ಹಾಡುಗಳ ಬೀಗವನ್ನು ತೆಗೆದೇಬಿಟ್ಟಿತು.

ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಎಂಬ ಹಾಡಿನ ಅಂಗಡಿ ತೆರೆದು, ಬೀಗವಿಲ್ಲದ ಎಂ.ಪಿ.3 ಹಾಡುಗಳನ್ನೇ ಮಾರಿತು. ಮರುವರ್ಷ ಜೂನ್‌ನಲ್ಲಿ ಅಂಗಡಿ ಮುಚ್ಚಿತು, ನಿಜ. ಆದರೆ ಅಲ್ಲಿ ಕೊಂಡು ಇಳಿಸಿಕೊಂಡವರ ಹಾಡು ಮುಚ್ಚಲಿಲ್ಲ. ಈಗಿನ ಮೊಬೈಲ್ ಆಪ್‌ಗಳದ್ದು ಬೇರೆಯೇ ಲೆಕ್ಕ. ಅಲ್ಲಿ ಕಟ್ಟುವ ಹಣ ಹಾಡಿನ ಬೆಲೆಯಲ್ಲ, ಬಾಡಿಗೆ. ಬಾಡಿಗೆ ನಿಂತರೆ ಡೌನ್‌ಲೋಡ್ ಆದದ್ದೂ ನಿಲ್ಲುತ್ತದೆ.

ಕಾನೂನು ಏನನ್ನುತ್ತದೆ? 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿಸಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಸಜೆ, ಜೊತೆಗೆ ದಂಡ. ಕರ್ನಾಟಕವಂತೂ 2014ರಲ್ಲಿ, ಹಣಕ್ಕಾಗಿ ಕೃತಿಸ್ವಾಮ್ಯ ಕದಿಯುವವರನ್ನು ಗೂಂಡಾ ಕಾಯ್ದೆಯ ವ್ಯಾಪ್ತಿಗೇ ತಂದಿತು. ಹಾಡು ತುಂಬಿದ ಪೆನ್‌ಡ್ರೈವ್ ಮಾರುವ ಹುಡುಗರು ಇದನ್ನು ತಿಳಿದಿರಲಿ. ಹಾಗೆಂದು ಪೋಷಕರು ಗಾಬರಿಯಾಗಬೇಕಿಲ್ಲ. ಅದೇ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಶಾಲೆಯ ಚಟುವಟಿಕೆಯಲ್ಲಿ ಧ್ವನಿಮುದ್ರಿತ ಹಾಡು ನುಡಿಸುವುದು ಉಲ್ಲಂಘನೆಯಲ್ಲ ಎನ್ನುತ್ತದೆ. ಸಭಿಕರು ಮಾತ್ರ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಆ ಚಟುವಟಿಕೆಗೆ ಸಂಬಂಧಿಸಿದವರಷ್ಟೇ ಆಗಿರಬೇಕು. (ಊರಿಗೆ ಊರೇ ನೆರೆಯುವ ನಮ್ಮ ಶಾಲಾ ಹಬ್ಬಗಳನ್ನು ಕಾಯ್ದೆ ಬರೆದವರು ನೋಡಿರಲಿಕ್ಕಿಲ್ಲ!) ಕಾನೂನು ನುಡಿಸಿ ಎನ್ನುತ್ತದೆ, ಆಪ್ ಬಿಡುವುದಿಲ್ಲ.

ಹಾಗಾಗಿ ವೇದಿಕೆಗೆ ಬೇಕಾದ ಒಂದೆರಡು ಹಾಡನ್ನು ಬೀಗವಿಲ್ಲದ ರೂಪದಲ್ಲಿ ಕೊಳ್ಳುವುದೇ ಲೇಸು. ಫೈಲಿನ ಹೆಸರಿನ ಬಾಲ ನೋಡಿದರೆ ಸುಳಿವು ಸಿಗುತ್ತದೆ: ಎಂ.ಪಿ.3 ಆದರೆ ಬೀಗವಿಲ್ಲ. ಐಟ್ಯೂನ್ಸಿನ ಹಳೆಯ ಎಂ.4ಪಿ ಆದರೆ ಬೀಗವಿದೆ, ಡಬ್ಲ್ಯು.ಎಂ.ಎ. ಎರಡೂ ಆಗಿರಬಹುದು. ಮನೆಯಲ್ಲಿ ಅಸಲಿ ಸಿ.ಡಿ. ಇದ್ದರೆ ಅದನ್ನೇ ಒಯ್ಯಬಹುದು. ಹೊಸದಾಗಿ ಬರ್ನ್ ಮಾಡುವವರು 'ಡೇಟಾ' ಅಲ್ಲ, 'ಆಡಿಯೊ ಸಿ.ಡಿ.' ಎಂದೇ ಆರಿಸಬೇಕು. ಹಳೆಯ ಪ್ಲೇಯರುಗಳಿಗೆ ಎಂ.ಪಿ.3 ಓದಲು ಬಾರದು. ಒಂದು ಡಿಸ್ಕಿಗೆ 80 ನಿಮಿಷ ಹಿಡಿಯುತ್ತದೆ. ಬರೆದಾದ ಮೇಲೆ, ಕಾರ್ಯಕ್ರಮದ ಹಿಂದಿನ ದಿನವೇ ಮೈಕ್‌ಸೆಟ್ಟಿನವರ ಪೆಟ್ಟಿಗೆಯಲ್ಲಿ ಒಮ್ಮೆ ಪೂರ್ತಿ ಹಾಕಿಸಿ ಕೇಳಬೇಕು.