ಮೊದಲು ಫೋನ್ ಕಟ್ ಮಾಡಿ

ಬೆಳಗಿನ ರೈಲಿಗೆ ಮನೆಯವರು ಬೆಂಗಳೂರಿಗೆ ಹೊರಟರೆ ಬಂಗಾರಪೇಟೆ, ಕೆಜಿಎಫ್‌ನ ಎಷ್ಟೋ ಮನೆಗಳಲ್ಲಿ ಸಂಜೆವರೆಗೂ ನಾವು ಹೆಂಗಸರೇ. ವಂಚಕರಿಗೆ ಬೇಕಾದ್ದೂ ಇದೇ ಹೊತ್ತು. "ಪೊಲೀಸರು ಮಾತಾಡ್ತಿರೋದು. ನಿಮ್ಮ ಆಧಾರ್ ನಂಬರಿನಲ್ಲಿ ಡ್ರಗ್ಸ್ ಪಾರ್ಸೆಲ್ ಸಿಕ್ಕಿದೆ. ಲೈನ್ ಕಟ್ ಮಾಡ್ಬೇಡಿ, ಯಾರಿಗೂ ಹೇಳ್ಬೇಡಿ" ಅಂತಾರೆ. ವಿಡಿಯೋದಲ್ಲಿ ಖಾಕಿ ಬಟ್ಟೆ ಬೇರೆ!

ನನ್ನ ಗೆಳತಿಯೊಬ್ಬಳು ಆ ಫೋನನ್ನು ಹಾಗೇ ಪರ್ಸಿನಲ್ಲಿಟ್ಟುಕೊಂಡು, ಮಗಳ ಮದುವೆಗೆಂದು ಇಟ್ಟಿದ್ದ ಎಫ್‌ಡಿ ಮುರಿಸಲು ಬ್ಯಾಂಕಿಗೆ ಹೊರಟೇಬಿಟ್ಟಿದ್ದಳು. ಪಕ್ಕದ ಮನೆ ಆಂಟಿ "ಯಾಕಮ್ಮಾ, ಮುಖ ಹೀಗಾಗಿದೆ?" ಎಂದು ಗೇಟಿನಲ್ಲೇ ತಡೆದಿದ್ದರಿಂದ ಉಳಿದುಕೊಂಡಳು.

'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ 'ಮನ್ ಕಿ ಬಾತ್'ನಲ್ಲಿ ಹೀಗೆಂದು ಎಚ್ಚರಿಸಿದ್ದರು. ನಿಮ್ಮ ಆಧಾರ್ ನಂಬರನ್ನು ಸರಿಯಾಗಿ ಹೇಳಿದರೂ ಹೆದರಬೇಡಿ. ಸಿಮ್ಮಿಗೆ, ಗ್ಯಾಸಿಗೆ, ಲಾಡ್ಜಿಗೆ ಅಂತ ನಾವೇ ಎಷ್ಟು ಕಡೆ ಜೆರಾಕ್ಸ್ ಕೊಟ್ಟಿಲ್ಲ?

ದುಡ್ಡು ಹೋಗಿಬಿಟ್ಟಿದ್ದರೆ 'ಇವರು ಬೈತಾರೆ' ಅಂತ ಸಂಜೆವರೆಗೆ ಕಾಯಬೇಡಿ. ಬೈಗುಳ ಆಮೇಲೆ ತಿಂದರಾಯ್ತು. ತಕ್ಷಣ 1930ಕ್ಕೆ ಫೋನ್ ಮಾಡಿ. ಹಣ ಬೇರೆ ಬೇರೆ ಖಾತೆಗಳಿಗೆ ದಾಟುವ ಮುಂಚೆ ತಡೆಹಿಡಿಯುವ ಅವಕಾಶವಿರುತ್ತದೆ. ಬ್ಯಾಂಕಿಗೂ ತಿಳಿಸಿ. ದುಡ್ಡು ಕಡಿತವಾದ ಮೆಸೇಜನ್ನು ಮಾತ್ರ ಅಳಿಸಬೇಡಿ, ಅದರಲ್ಲಿರುವ ನಂಬರನ್ನು ಅವರು ಕೇಳುತ್ತಾರೆ.