ನಿದ್ರೆ, ನಾರುಬೇರು ಮತ್ತು ಮನೋವೈದ್ಯ

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬುದು ನಮ್ಮ ಹಿರಿಯರ ಗಾದೆ. ಚಿಂತೆಯುಳ್ಳವನ ಪಾಡೇನು? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಈ ಬಯಲುಸೀಮೆಯಲ್ಲಿ ಮಳೆ ಹೋಗಿ ಕಡಲೆಕಾಯಿ ಒಣಗಿದ ವರ್ಷ ಎಷ್ಟೋ ಮನೆಗಳಲ್ಲಿ ಬೆಳಗಿನವರೆಗೆ ಕಣ್ಣು ಮುಚ್ಚದವರಿರುತ್ತಾರೆ. ನೆತ್ತಿಗೆ ಹರಳೆಣ್ಣೆ ತಟ್ಟುವುದು, ಗಸಗಸೆ ಹಾಲು ಕುಡಿಸುವುದು, ಜಾಯಿಕಾಯಿ ತೇಯ್ದು ಕೊಡುವುದು ನಮ್ಮ ಮನೆಮದ್ದು. ಅದಕ್ಕೂ ಬಗ್ಗದಿದ್ದರೆ ಸಿದ್ಧರಬೆಟ್ಟದ ನಾರುಬೇರು. ಇವೆಲ್ಲ ಬರಿಯ ಮೌಢ್ಯವೆಂದು ಕೆಲವರು ತಳ್ಳಿಹಾಕುತ್ತಾರೆ. ಗಿಡಮೂಲಿಕೆಯಿಂದ ಕೇಡೇ ಇಲ್ಲವೆಂದು ಮತ್ತೆ ಕೆಲವರು ನಂಬುತ್ತಾರೆ. ಎರಡೂ ಸರಿಯಲ್ಲವೆಂಬುದಕ್ಕೆ ಸರ್ಪಗಂಧದ ಚರಿತ್ರೆಯೇ ಸಾಕ್ಷಿ.

ಸರ್ಪಗಂಧದ ಬೇರನ್ನು ಉತ್ತರ ಭಾರತದ ಹಳ್ಳಿಗರು ‘ಹುಚ್ಚಿನ ಮದ್ದು’ ಎಂದೇ ಕರೆಯುತ್ತಿದ್ದರು. ಅದು ನಿದ್ರೆ ತರಿಸಿ ಉದ್ರೇಕವನ್ನು ತಗ್ಗಿಸುವುದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ನ್ಯೂಯಾರ್ಕ್ ಪ್ರಾಂತದ ಮನೋವೈದ್ಯ ನೇಥನ್ ಕ್ಲೈನ್ ತಮ್ಮ ಆಸ್ಪತ್ರೆಯ ರೋಗಿಗಳಿಗೆ ಅದನ್ನು ಕೊಟ್ಟು ನೋಡಿ, ಫಲಿತಾಂಶವನ್ನು 1954ರಲ್ಲಿ ಪ್ರಕಟಿಸಿದರು. ಹೀಗೆ ಹಳ್ಳಿಯ ಬೇರು ಜಗತ್ತಿನ ಔಷಧವಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಈ ಮದ್ದನ್ನು ತೆಗೆದುಕೊಂಡವರಲ್ಲಿ ಕೆಲವರಿಗೆ ತೀವ್ರವಾದ ಖಿನ್ನತೆ ಆವರಿಸಿತೆಂಬ ವರದಿಗಳು ಬಂದವು. ನಿದ್ರೆ ಕೊಟ್ಟ ಬೇರೇ ಮನಸ್ಸನ್ನು ಕುಗ್ಗಿಸಬಹುದೆಂಬ ಅನುಮಾನ ಹುಟ್ಟಿತು. ನಮ್ಮ ಜಾಯಿಕಾಯಿಯೂ ಹಾಗೆಯೇ. ಚಿಟಿಕೆಯಷ್ಟು ಸಾಕು, ಮಿತಿಮೀರಿದರೆ ಬುದ್ಧಿಭ್ರಮೆ ತರುತ್ತದೆ. ಆದುದರಿಂದ ಮದ್ದನ್ನು ಬಲ್ಲವನೇ ರೋಗಿಯನ್ನೂ ದಿನದಿನವೂ ಕಾಣುತ್ತಿರಬೇಕು. ಮನೋವೈದ್ಯನ ವೃತ್ತಿಯ ಹಿರಿಮೆ ಇರುವುದು ಇಲ್ಲಿಯೇ.

ಈ ಮಾತಿಗೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಸೂಪರಿಂಟೆಂಡೆಂಟರಾಗಿದ್ದ ಡಾ. ಎಂ. ವಿ. ಗೋವಿಂದಸ್ವಾಮಿಯವರು 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರಾದರು. ಪಾಶ್ಚಾತ್ಯ ಮನೋವೈದ್ಯದಲ್ಲಿ ಪಳಗಿದ್ದರೂ ಅವರಿಗೆ ಭಾರತೀಯ ದರ್ಶನಗಳಲ್ಲಿ ಆಳವಾದ ಆಸಕ್ತಿಯಿತ್ತು. ಆ ಸಂಸ್ಥೆಯ ಆವರಣದಲ್ಲಿಯೇ 1959ರಲ್ಲಿ ಆಯುರ್ವೇದ ಸಂಶೋಧನೆಗೂ ಒಂದು ವಿಭಾಗ ಏರ್ಪಟ್ಟಿತು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಬ್ರಾಹ್ಮ್ಯಾದಿಯೋಗ ಮತ್ತು ತಗರ ಎಂಬ ಎರಡು ಮದ್ದುಗಳನ್ನು ಉನ್ಮಾದದ ರೋಗಿಗಳ ಮೇಲೆ ಪರೀಕ್ಷಿಸಿದ ವರದಿ 1976ರಲ್ಲಿ ಪ್ರಕಟವಾಯಿತು. ತಗರವು ಹಿಂದಿನಿಂದಲೂ ನಿದ್ರೆಗೆ ಹೆಸರಾದ ಬೇರು. ಯಾರಿಗೆ ಯಾವ ಮದ್ದು ಸಿಕ್ಕಿದೆಯೆಂಬುದು ರೋಗಿಗೂ ತಿಳಿಯದಂತೆ, ಗುಣವನ್ನು ಅಳೆಯುವ ವೈದ್ಯನಿಗೂ ತಿಳಿಯದಂತೆ ನಡೆಸುವ ಪರೀಕ್ಷೆ ಅದು. ನಂಬಿಕೆಯಿಂದಾದ ಗುಣವೆಷ್ಟು, ಮದ್ದಿನಿಂದಾದುದೆಷ್ಟು ಎಂಬುದು ಹೀಗಲ್ಲದೆ ತಿಳಿಯದು. ಅಜ್ಜಿಯ ಮದ್ದನ್ನು ಹೀಗಳೆಯದೆ, ಕುರುಡಾಗಿ ನಂಬದೆ, ತೂಕಕ್ಕಿಟ್ಟು ನೋಡುವ ಮಾರ್ಗ ಇದು.

ಇನ್ನೊಂದು ವಿಷಯವನ್ನು ನಾವು ಮರೆಯಬಾರದು. ನಿದ್ರೆಗೇಡು ಅನೇಕ ವೇಳೆ ರೋಗವಲ್ಲ, ರೋಗದ ಸೂಚನೆ. ನಡುರಾತ್ರಿ ಕಳೆದ ಮೇಲೆ ಎಚ್ಚರವಾಗಿ ಮತ್ತೆ ನಿದ್ರೆ ಹತ್ತದಿರುವುದು, ಊಟ ಸೇರದಿರುವುದು, ಬದುಕೇ ಬೇಡವೆನಿಸುವುದು ಖಿನ್ನತೆಯ ಲಕ್ಷಣಗಳು. ಅಂಥವರಿಗೆ ತಿಂಗಳುಗಟ್ಟಲೆ ಗಸಗಸೆ ಹಾಲು ಕುಡಿಸುತ್ತಾ ಕೂತರೆ ಪ್ರಾಣಕ್ಕೇ ಅಪಾಯ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬಂದುಹೋಗಲೆಂದು ನಮ್ಮ ರಾಜ್ಯದಲ್ಲಿ 2014ರಲ್ಲಿ ಮನೋಚೈತನ್ಯವೆಂಬ ಕಾರ್ಯಕ್ರಮ ಆರಂಭವಾಯಿತು. 2022ರಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಮನೆಯಿಂದಲೇ ಸಲಹೆ ದೊರೆಯುತ್ತದೆ.

ಆದರೂ ‘ಹುಚ್ಚಾಸ್ಪತ್ರೆ’ ಎಂಬ ಒಂದು ಮಾತಿಗೆ ಅಂಜಿ ನಮ್ಮ ಜನ ಹಿಂದೆಗೆಯುತ್ತಾರೆ. ನಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಮದ್ದಿನ ಚೀಟಿಯನ್ನು ಓದಿ ಹೇಳುವವರೂ ನಾವೇ, ಯಾವ ಬಾಗಿಲಿಗೆ ಹೋಗಬೇಕೆಂದು ತಿಳಿಸಬೇಕಾದವರೂ ನಾವೇ. ಹರಳೆಣ್ಣೆಯ ತಂಪು ನೆತ್ತಿಗಿರಲಿ. ಅದರಿಂದಲೂ ನಿದ್ರೆ ಬಾರದವರ ಕೈಹಿಡಿದು ವೈದ್ಯರ ಬಳಿಗೆ ಕರೆದೊಯ್ಯುವಷ್ಟು ಧೈರ್ಯ ನಮ್ಮ ಓದು ನಮಗೆ ಕೊಡಲಿ.