ಕಾಲೇಜು ಮುಗಿಯಿತು, ಕೆಲಸ ಶುರುವಾಗಿಲ್ಲ: ನಡುವಿನ ತಿಂಗಳುಗಳ ಏಳು ತಪ್ಪು ಕಲ್ಪನೆಗಳು

ಕೊನೆಯ ವೈವಾ ಮುಗಿಸಿ, ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಬಂದ ಮೊದಲ ವಾರ ಮನೆಯಲ್ಲಿ ರಾಜೋಪಚಾರ. ತಿಂಗಳು ಕಳೆಯುವಷ್ಟರಲ್ಲಿ ಮದುವೆಮನೆ, ಗೃಹಪ್ರವೇಶ ಎಲ್ಲಿಗೆ ಹೋದರೂ ಒಂದೇ ಪ್ರಶ್ನೆ: ‘ಈಗೇನು ಮಾಡ್ತಿದ್ದೀಯ?’ ಓದು ಮುಗಿದು ಕೆಲಸ ಶುರುವಾಗುವ ತನಕದ ಈ ಅವಧಿ ಕೆಲವರಿಗೆ ಎರಡು ತಿಂಗಳು, ಕೆಲವರಿಗೆ ವರ್ಷ. ಮಕ್ಕಳು ಇದನ್ನು ರಜೆ ಎನ್ನುತ್ತಾರೆ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂದು ನಂಬಿದ ಹಿರಿಯರು ದಂಡ ಎನ್ನುತ್ತಾರೆ. ಇಬ್ಬರ ಲೆಕ್ಕದಲ್ಲೂ ಒಂದಷ್ಟು ತಪ್ಪು ಕಲ್ಪನೆಗಳು ಸೇರಿಕೊಂಡಿವೆ.

1. ತಪ್ಪು ಕಲ್ಪನೆ: ಆಫರ್ ಲೆಟರ್ ಬಂದರೆ ಕೆಲಸ ಸಿಕ್ಕಂತೆಯೇ.

ಸತ್ಯ: ಆಫರ್ ಲೆಟರ್ ಕೈಯಲ್ಲಿದ್ದರೂ ಸಂಬಳ ಶುರುವಾಗುವುದು ಸೇರಿದ ದಿನದಿಂದ. ಆ ದಿನ ಮುಂದಕ್ಕೆ ಹೋಗಬಹುದು. 2022ರಲ್ಲಿ ಓದು ಮುಗಿಸಿ ಐಟಿ ಕಂಪನಿಗಳ ಆಫರ್ ಪಡೆದವರಲ್ಲಿ ಕೆಲವರು ಸೇರುವ ದಿನಾಂಕಕ್ಕಾಗಿ ಎರಡು ವರ್ಷ ಕಾದದ್ದು 2024ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಹೀಗಾಗಿ ಪತ್ರದ ಷರತ್ತುಗಳನ್ನು ಪೂರ್ತಿ ಓದಿ. ಹೇಳಿದ ತಿಂಗಳು ದಾಟಿದರೆ ಇಮೇಲ್‌ನಲ್ಲೇ ವಿಚಾರಿಸಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ. ಬೇರೆ ಕಡೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ. ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಮೊದಲೇ ಹಣ ಕೇಳುವ ಆಫರ್ ಬಂದರೆ ಮೋಸವೆಂದೇ ತಿಳಿದು ದೂರವಿರಿ.

2. ತಪ್ಪು ಕಲ್ಪನೆ: ನಾಲ್ಕು ತಿಂಗಳು ಗ್ಯಾಪ್ ಬಿದ್ದರೆ ಮುಂದೆ ಯಾರೂ ಕೆಲಸ ಕೊಡುವುದಿಲ್ಲ.

ಸತ್ಯ: ಫಲಿತಾಂಶ, ಮಾರ್ಕ್ಸ್ ಕಾರ್ಡು, ಘಟಿಕೋತ್ಸವ ಇವಕ್ಕೇ ತಿಂಗಳುಗಳು ಹಿಡಿಯುವ ರಾಜ್ಯದಲ್ಲಿ ನಾಲ್ಕು ತಿಂಗಳ ಬಿಡುವು ಯಾವ ನೇಮಕಾತಿಯವರಿಗೂ ಹೊಸದಲ್ಲ. ಹೊಸಬರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುವ ಕೆಲವು ಕಂಪನಿಗಳು ಶಿಕ್ಷಣದ ನಡುವಿನ ಗ್ಯಾಪ್ ಒಟ್ಟು 2 ವರ್ಷ ಮೀರಬಾರದು ಎಂಬಂಥ ನಿಯಮ ಇಟ್ಟುಕೊಂಡಿರುವುದು ನಿಜ. ಗ್ಯಾಪ್ ಉದ್ದವಾದರೆ ಅಫಿಡವಿಟ್ ಕೇಳುವುದೂ ಉಂಟು. ಆದರೆ ಸಂದರ್ಶನದಲ್ಲಿ ತೊಡಕಾಗುವುದು ‘ಆ ಅವಧಿಯಲ್ಲಿ ಏನು ಮಾಡಿದಿರಿ?’ ಎಂದಾಗ ಹೇಳಲು ಏನೂ ಇಲ್ಲದಿದ್ದರೆ. ಅಪ್ಪನ ಅಂಗಡಿಯ ಜಿಎಸ್‌ಟಿ ಲೆಕ್ಕ ನೋಡಿಕೊಂಡೆ, ಕಾಯಿಲೆಯ ಅಜ್ಜಿಯನ್ನು ಆಸ್ಪತ್ರೆಗೆ ಓಡಾಡಿಸಿದೆ ಎನ್ನುವುದೂ ಮರ್ಯಾದೆಯ ಉತ್ತರವೇ. ಗ್ಯಾಪ್ ಮುಚ್ಚಿಡಲು ಸುಳ್ಳು ಅನುಭವಪತ್ರ ಮಾಡಿಸಿದರೆ ಮಾತ್ರ ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದು ಕೆಲಸವೇ ಹೋಗಬಹುದು.

3. ತಪ್ಪು ಕಲ್ಪನೆ: ತಿರುಗಾಟವೆಲ್ಲ ಸಂಬಳ ಬಂದ ಮೇಲೆ ಇಟ್ಟುಕೊಂಡರಾಯಿತು.

ಸತ್ಯ: ಸಂಬಳದ ಜೊತೆ ದಿನಗಳು ಬರುವುದಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ 20 ದಿನ ದುಡಿದರೆ ಒಂದು ದಿನದ ಗಳಿಕೆ ರಜೆ. ಅಂದರೆ 5 ದಿನದ ರಜೆ ಕೂಡಿಸಲು 100 ದಿನ ದುಡಿಯಬೇಕು. ಕಂಪನಿ ಇದಕ್ಕಿಂತ ಹೆಚ್ಚು ಕೊಟ್ಟರೂ ಹೊಸದಾಗಿ ಸೇರಿದವರು ಮೊದಲ ವರ್ಷ ಹದಿನೈದು ದಿನ ಒಟ್ಟಿಗೆ ಕೇಳುವುದು ಸುಲಭವಲ್ಲ. ಎಂಟು ದಿನದ ಸುತ್ತಾಟಕ್ಕೆ ಎಂಟೂ ದಿನ ಒಟ್ಟಿಗೇ ಬೇಕು, ಅವು ಈಗ ಮಾತ್ರ ಕೈಯಲ್ಲಿವೆ.

ದುಡ್ಡಿಲ್ಲ ಎನ್ನುವುದೂ ಪೂರ್ತಿ ಅಡ್ಡಿಯಲ್ಲ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದೊಳಗೆ ಪ್ರಯಾಣ ಉಚಿತ. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಮಂಡ್ಯದ ಹುಡುಗಿಯೊಬ್ಬಳು ಬೀದರಿನ ಕೋಟೆ ನೋಡಿ ಬರಲು ಬಸ್ಸಿನ ಖರ್ಚು ಬೇಕಿಲ್ಲ, ಮನೆಯವರ ಒಪ್ಪಿಗೆ ಮತ್ತು ಜೊತೆಗೊಬ್ಬ ಗೆಳತಿ ಸಾಕು. ಓದು ಮುಗಿಯುವುದು ಹೆಚ್ಚಾಗಿ ಮಳೆಗಾಲದ ಆಸುಪಾಸು. ಆಗ ಇಂಬಳ ಕಚ್ಚಿಸಿಕೊಂಡು ಘಟ್ಟದ ಜಾರು ದಾರಿ ಹತ್ತುವುದಕ್ಕಿಂತ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಕಡೆ ಹೋಗುವುದು ಜಾಣತನ. ಬಿಸಿಲ ಧಗೆ ಇಳಿದಿರುತ್ತದೆ, ಒಳ್ಳೆ ಮಳೆಯಾದರೆ ಬಾದಾಮಿಯ ಕೆಂಪು ಬಂಡೆಗಳ ಮೇಲಿಂದ ನೀರೂ ಧುಮುಕುತ್ತದೆ.

4. ತಪ್ಪು ಕಲ್ಪನೆ: ದಾಖಲೆಗಳನ್ನು ಸೇರುವ ಹಿಂದಿನ ವಾರ ನೋಡಿಕೊಳ್ಳೋಣ.

ಸತ್ಯ: ನಮ್ಮಲ್ಲಿ ಅತಿ ಹೆಚ್ಚು ಕಾಡುವುದು ಇನಿಷಿಯಲ್ಲು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಎಸ್’, ಆಧಾರ್‌ನಲ್ಲಿ ‘ಮಂಜುನಾಥ’, ಪ್ಯಾನ್‌ನಲ್ಲಿ ‘ಮಂಜುನಾಥ ಶಿವಪ್ಪ’. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ಲನ್ನು ಬಿಡಿಸಿ ಬರೆಯಬೇಕಾದ್ದರಿಂದ ಈ ಗೋಜಲು ಹುಟ್ಟುತ್ತದೆ. ಹೆಸರು ತಾಳೆಯಾಗದಿದ್ದರೆ ಭವಿಷ್ಯನಿಧಿಯ ಯುಎಎನ್ ಖಾತೆಯಲ್ಲಿ ತಕರಾರು ಬರುತ್ತದೆ. ತಿದ್ದುಪಡಿಗೆ ವಾರಗಳು ಬೇಕು, ಕೆಲಸಕ್ಕೆ ಸೇರಿದ ಮೇಲೆ ಒಂದೊಂದು ಕಚೇರಿಗೂ ಒಂದೊಂದು ರಜೆ ಹೋಗುತ್ತದೆ. ಚಾಲನಾ ಪರವಾನಗಿಯೂ ಒಂದೇ ದಿನದ ಮಾತಲ್ಲ. ಎಲ್‌ಎಲ್ಆರ್ ಪಡೆದು 30 ದಿನ ಕಾಯಬೇಕು, ಅದರ ಆಯಸ್ಸು 6 ತಿಂಗಳು. ಪಾಸ್‌ಪೋರ್ಟಿಗೆ ಪೊಲೀಸ್ ಪರಿಶೀಲನೆ ಇರುವುದರಿಂದ ಊರಿನ ವಿಳಾಸದಲ್ಲಿ ನೀವಿರುವಾಗಲೇ ಮಾಡಿಸುವುದು ಹಗುರ.

5. ತಪ್ಪು ಕಲ್ಪನೆ: ಸರ್ಟಿಫಿಕೇಟು ಹೆಚ್ಚಿದ್ದಷ್ಟೂ ಒಳ್ಳೆಯದು; ಅಪ್ರೆಂಟಿಸ್ ಎನ್ನುವುದು ಐಟಿಐ ಓದಿದವರಿಗೆ ಮಾತ್ರ.

ಸತ್ಯ: ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್ ಪಾಠಗಳನ್ನು ಉಚಿತವಾಗಿ ಕಲಿಯಬಹುದು, ಶುಲ್ಕವಿರುವುದು ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ. ಹೀಗಿರುವಾಗ ‘ಜಾಬ್ ಗ್ಯಾರಂಟಿ’ ಬೋರ್ಡು ನೋಡಿ ಸಾಲ ಮಾಡಿ ಸೇರುವ ಮೊದಲು ಎರಡು ಬಾರಿ ಯೋಚಿಸಿ. ಹತ್ತು ಕೋರ್ಸನ್ನು ಅರ್ಧರ್ಧ ನೋಡುವುದಕ್ಕಿಂತ ಒಂದನ್ನು ಪೂರ್ತಿ ಕಲಿತು, ಅದರಿಂದ ಏನಾದರೊಂದು ಮಾಡಿ ತೋರಿಸಿದರೆ ಸಂದರ್ಶನದಲ್ಲಿ ಮಾತಾಡಲು ವಿಷಯ ಸಿಗುತ್ತದೆ.

1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೂ ಅವಕಾಶವಿದೆ. 2014ರ ತಿದ್ದುಪಡಿಯ ನಂತರ ಬಿಎ, ಬಿಕಾಂ ಓದಿದವರಿಗೂ ಬಾಗಿಲು ತೆರೆಯಿತು. ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಕೆನರಾ ಬ್ಯಾಂಕ್‌ಗಳು ಪದವೀಧರ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತವೆ. 2019ರಲ್ಲಿ ಪದವೀಧರರ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ ಎಂದು ನಿಗದಿಯಾಗಿತ್ತು. ಇದು ಕಾಯಂ ಕೆಲಸದ ಭರವಸೆಯಲ್ಲ, ಆದರೆ ಅನುಭವ ನಿಜವಾದದ್ದು.

6. ತಪ್ಪು ಕಲ್ಪನೆ: ಶಿಕ್ಷಣ ಸಾಲದ ಕಂತು ಶುರುವಾಗುವ ತನಕ ಬಡ್ಡಿಯೂ ಇಲ್ಲ.

ಸತ್ಯ: ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ಸಾಲ ಪಡೆದ ದಿನದಿಂದಲೇ ಏರುತ್ತಿರುತ್ತದೆ, ಕೊನೆಗೆ ಅಸಲಿಗೆ ಸೇರುತ್ತದೆ. 4 ಲಕ್ಷ ಸಾಲಕ್ಕೆ ಶೇ 10ರ ಬಡ್ಡಿ ಎಂದಿಟ್ಟುಕೊಂಡರೆ ತಿಂಗಳಿಗೆ 3,300 ರೂಪಾಯಿಗೂ ಹೆಚ್ಚು. ಟ್ಯೂಷನ್ ಹೇಳಿಯೋ ಸಣ್ಣಪುಟ್ಟ ಕೆಲಸ ಮಾಡಿಯೋ ಅಷ್ಟನ್ನು ಕಟ್ಟಿದರೆ ಮುಂದೆ ಕಂತು ಹಗುರವಾಗುತ್ತದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು ವೃತ್ತಿಪರ ಕೋರ್ಸ್ ಓದಿದ್ದರೆ ಕೇಂದ್ರದ ಬಡ್ಡಿ ಸಹಾಯಧನ ನಿಮ್ಮ ಸಾಲಕ್ಕೆ ಸಂದಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ.

7. ತಪ್ಪು ಕಲ್ಪನೆ: ರಿಸಲ್ಟ್ ಬಂದ ತಿಂಗಳಿಂದಲೇ ಯುವನಿಧಿ ಬರುತ್ತದೆ.

ಸತ್ಯ: 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆ ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ, ಹೆಚ್ಚೆಂದರೆ 2 ವರ್ಷ. ಓದು ಮುಂದುವರಿಸಿದವರಿಗೆ ಸಿಗುವುದಿಲ್ಲ. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು, ಕೆಲಸ ಸಿಕ್ಕಿಲ್ಲವೆಂದು ಕಾಲಕಾಲಕ್ಕೆ ಘೋಷಿಸಬೇಕು. ಮೊದಲ ಆರು ತಿಂಗಳ ಖರ್ಚಿಗೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ಇಷ್ಟರಲ್ಲಿ ಯಾವುದನ್ನು ಮೊದಲು ಮಾಡಬೇಕು ಎಂಬುದಕ್ಕೆ ಒಂದು ಸರಳ ಅಳತೆ ಇದೆ. ಒಂದು ಕೆಲಸಕ್ಕೆ ಹಣ ಬೇಕೋ, ಸತತವಾಗಿ ದಿನಗಳು ಬೇಕೋ ಎಂದು ಕೇಳಿಕೊಳ್ಳಿ. ಹಣ ಬೇಕಾದದ್ದು ಸಂಬಳಕ್ಕೆ ಕಾಯಲಿ. ದಿನಗಳು ಬೇಕಾದದ್ದನ್ನು, ಅದು ದಾಖಲೆಯ ತಿದ್ದುಪಡಿಯಾಗಲಿ, ಡ್ರೈವಿಂಗ್ ಆಗಲಿ, ಅಮ್ಮನ ಅಡುಗೆ ಕಲಿಯುವುದಾಗಲಿ, ಈಗಲೇ ಮಾಡಿ. ತಂದೆತಾಯಿಯರಿಗೂ ಒಂದು ಮಾತು. ಮಗಳು ಮನೆಯಲ್ಲಿದ್ದಾಳೆ ಎಂಬ ಒಂದೇ ಕಾರಣಕ್ಕೆ ಗಂಡು ನೋಡುವ ಅವಸರ ಬೇಡ, ಮಗ ಮನೆಯಲ್ಲಿದ್ದಾನೆಂದು ದಿನಾ ಮೂದಲಿಸುವುದೂ ಬೇಡ. ಸೇರುವ ದಿನಾಂಕ ತೀರ್ಮಾನಿಸುವುದು ಕಂಪನಿ. ಅಲ್ಲಿಯವರೆಗಿನ ದಿನಗಳನ್ನು ಹೇಗೆ ಕಳೆಯಬೇಕೆಂದು ತೀರ್ಮಾನಿಸುವ ಹಕ್ಕು ಮಕ್ಕಳಿಗೇ ಇರಲಿ.